ಏಳನೆಯ ಕಂಬದ ಸಾಕ್ಷಿ

ಮೋಂಮಾರ್ತ್ರ್ ಗುಡ್ಡದ ಗಣಿಯ ಬಾಯಲ್ಲಿ ದಿನಾ ಬೆಳಿಗ್ಗೆ ನಲವತ್ತು ಜನ ಗಂಡಸರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದರು. ಚರ್ಚಿನಲ್ಲಿ ಪಾದ್ರಿಯ ಮುಂದೆ ಕೂಡ ಅಷ್ಟು ನೆಟ್ಟಗೆ ನಿಂತವರಲ್ಲ ಅವರು. ಒಳಗಿನ ಕತ್ತಲೆಯಿಂದ ಒಂದು ದೀಪ ಅಲ್ಲಾಡುತ್ತ ಬರುತ್ತಿತ್ತು, ಅದರ ಹಿಂದೆ ಗಣಿಯ ಕಂಬಗಳನ್ನು ಕಾಯುವ ನಿಕೇಸ್. ಮೀಸೆಗೆ ಮೆತ್ತಿದ ಬಿಳಿ ಧೂಳನ್ನು ಒರೆಸಿಕೊಂಡು "ಸಾಕ್ಷಿ ನಿಂತಿದೆ" ಎಂದು ಎರಡೇ ಮಾತು ಹೇಳುತ್ತಿದ್ದ. ಅದನ್ನು ಕೇಳಿದ ಮೇಲೆ ಟೋಪಿ ತಲೆಗೇರುತ್ತಿತ್ತು, ಪಿಕಾಸಿ ಹೆಗಲಿಗೇರುತ್ತಿತ್ತು, ಜನ ಒಳಗಿಳಿಯುತ್ತಿದ್ದರು. ಆ ಎರಡು ಮಾತು ಹೇಳದೆ ಹೋದರೆ ಗಣಿಯ ಒಡೆಯ ಬಂದು ಕಾಲು ಹಿಡಿದರೂ ಒಬ್ಬನೂ ಹೊಸಿಲು ದಾಟುತ್ತಿರಲಿಲ್ಲ.

ನಮ್ಮ ಗುಡ್ಡ ಹೊರಗಿನಿಂದ ನೋಡಲು ಚೆಂದ. ಮೇಲೆ ಗಾಳಿಗಿರಣಿಗಳು, ದ್ರಾಕ್ಷಿಯ ಸಾಲು, ಭಾನುವಾರ ಪ್ಯಾರಿಸ್ಸಿನವರು ಬಂದು ಕುಡಿದು ಕುಣಿಯುವ ಹೆಂಡದಂಗಡಿಗಳು. ಹೊಟ್ಟೆಯೊಳಗೆ ಮಾತ್ರ ಬರೀ ಟೊಳ್ಳು. ಆ ಪೇಟೆಯ ಮನೆ ಮನೆಯ ಗೋಡೆಗೆ ಬಳಿದ ಗಾರೆಯೆಲ್ಲ ಈ ಹೊಟ್ಟೆಯಿಂದ ಹೋದದ್ದೇ. ಬಿಳಿಗಲ್ಲನ್ನು ಕಡಿದು ತೆಗೆಯುವಾಗ ಅಲ್ಲಲ್ಲಿ ಒಂದೊಂದು ಕಂಬವನ್ನು ಕಡಿಯದೆ ಬಿಡುತ್ತಾರೆ. ಅಂಥ ಇಪ್ಪತ್ತೆರಡು ಕಂಬಗಳ ಮೇಲೆ ಗಿರಣಿ, ದ್ರಾಕ್ಷಿ, ಕುಣಿಯುವ ಪ್ಯಾರಿಸ್ಸಿನವರು, ಎಲ್ಲರೂ ನಿಂತಿದ್ದರು. ಕಂಬದಲ್ಲಿ ಬಿರುಕು ಕಂಡ ಕಡೆ ಅದಕ್ಕೆ ಅಡ್ಡಲಾಗಿ ಅಂಗೈಯಗಲದ ಗಾರೆಯ ಬಿಲ್ಲೆಯೊಂದನ್ನು ಮೆತ್ತುವುದು ನಮ್ಮವರ ಪದ್ಧತಿ. ಅದೇ ಸಾಕ್ಷಿ. ಒಣಗಿದ ಗಾರೆಗೆ ಬಾಗುವುದು ಗೊತ್ತಿಲ್ಲ. ಕಂಬ ಕೂದಲೆಳೆಯಷ್ಟು ಕದಲಿದರೂ ಬಿಲ್ಲೆ ಸೀಳುತ್ತದೆ. ಮೆತ್ತಿದವನು ಹಸಿಯಿರುವಾಗಲೇ ಅದರ ಮೇಲೆ ಹೆಬ್ಬೆರಳು ಒತ್ತಿ, ಉಗುರಿನಿಂದ ತಾರೀಖು ಗೀರಬೇಕು. ಸೀಳಿದ ಸಾಕ್ಷಿಯನ್ನು ಮುಟ್ಟಬಾರದು. ಜನರನ್ನು ಹೊರಗೆ ನಿಲ್ಲಿಸಿ, ಕಂಬದ ಸುತ್ತ ಮರದ ಊರೆ ನಿಲ್ಲಿಸಿ ಛಾವಣಿಗೆ ಆಸರೆ ಕೊಟ್ಟು, ಹಿರಿಯರೆಲ್ಲ ನೋಡಿದ ಮೇಲೆಯೇ ಹೊಸ ಸಾಕ್ಷಿ. ಒಡೆದದ್ದನ್ನು ಕದ್ದು ಕಿತ್ತು ಹೊಸದು ಮೆತ್ತುವವನು ಕೊಲೆಗಾರ ಎಂದು ನಮ್ಮ ಅಜ್ಜಂದಿರು ಬಾಯಿಬಿಟ್ಟೇ ಹೇಳುತ್ತಿದ್ದರು.

ನಿಕೇಸನ ಹೆಬ್ಬೆರಳು ಎಲ್ಲರಿಗೂ ಗೊತ್ತು. ಕೆಲಸ ಕಲಿಯುವಾಗ ಉಳಿ ಜಾರಿ ನಡುವೆ ಸೀಳಿತ್ತು, ಕೂಡಿಕೊಂಡ ಮೇಲೂ ಗೋಧಿಕಾಳಿನಂತೆ ನಡುವೊಂದು ಗೆರೆ ಉಳಿದಿತ್ತು. ಹದಿನೆಂಟು ವರ್ಷ ಆ ಗೋಧಿಕಾಳಿನ ಗುರುತು ಇಪ್ಪತ್ತೆರಡು ಕಂಬಗಳನ್ನು ಕಾಯಿತು. ಹದಿನೆಂಟು ವರ್ಷದಲ್ಲಿ ಒಂದು ಕತ್ತೆ ಕೂಡ ಒಳಗೆ ಸಾಯಲಿಲ್ಲ. ಅಂಥ ಮನುಷ್ಯ ಇರಲಾರದೆ ಇರುವೆ ಬಿಟ್ಟುಕೊಂಡ ಕಥೆ ಇದು. ನೆನೆದರೆ ಈಗಲೂ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಇರುವೆ ಎಂದರೆ ಮೂಳೆ. ನಮ್ಮ ಕಲ್ಲಿನೊಳಗೆ ಮೊದಲಿನಿಂದಲೂ ಮೂಳೆ ಸಿಗುತ್ತಿತ್ತು, ಯಾರಿಗೂ ಬೇಕಿರಲಿಲ್ಲ. ಗಾರೆ ಕೆಡುತ್ತದೆಂದು ಕಸದ ರಾಶಿಗೆ ಎಸೆಯುತ್ತಿದ್ದರು. ಪಾದ್ರಿ ಅದನ್ನು ನೋಹನ ಪ್ರಳಯದಲ್ಲಿ ಮುಳುಗಿದ ದನ ಎನ್ನುತ್ತಿದ್ದ, ಹೆಂಡದಂಗಡಿಯವನು ಹಳೆಯ ಸೈನಿಕರು ತಿಂದೆಸೆದ ಕುರಿ ಎನ್ನುತ್ತಿದ್ದ. ಒಂದು ಶರತ್ಕಾಲದಲ್ಲಿ ನದಿಯಾಚೆಯ ತೋಟದಲ್ಲಿ ಸತ್ತ ಪ್ರಾಣಿಗಳ ಮೂಳೆ ಜೋಡಿಸಿಡುವ ಮೂಳೆಮನೆಯಿಂದ ಫ್ಲೋರಿಮೋನ್ ಎಂಬ ಬಡಕಲು ಪಂಡಿತ ಬಂದ. ಮೊಣಕಾಲವರೆಗೆ ಕೆಸರು, ಹೆಗಲಲ್ಲೊಂದು ಗೋಣಿಚೀಲ, ಅದರೊಳಗೆ ಕರುವಿನ ತಲೆಬುರುಡೆ, ಹಂದಿಯ ದವಡೆ, ಕುದುರೆಯ ಗೊರಸು. ನಮ್ಮ ಹೆಂಗಸರು ಇವನನ್ನು ಮಾಟಗಾರನೆಂದುಕೊಂಡು ಶಿಲುಬೆಯ ಗುರುತು ಹಾಕಿಕೊಂಡರು.

ಆ ವಾರವೇ ನಿಕೇಸನಿಗೆ ಏಳನೆಯ ಕಂಬದ ಬುಡದಲ್ಲಿ ಉದುರಿದ ಚಪ್ಪಡಿಯೊಳಗೆ ಒಂದು ತಲೆಬುರುಡೆ ಸಿಕ್ಕಿತ್ತು. ಪಂಡಿತ ಅದನ್ನು ತೊಡೆಯ ಮೇಲಿಟ್ಟುಕೊಂಡು, ಚೀಲದ ಬುರುಡೆಗಳನ್ನು ಪಕ್ಕದಲ್ಲಿ ಜೋಡಿಸಿ, ಅರ್ಧ ದಿನ ಹಲ್ಲುಗಳನ್ನು ಬೆರಳಿನಿಂದ ಸವರುತ್ತ ಕುಳಿತ.

"ಇಲ್ನೋಡು ನಿಕೇಸ್. ಸೊಪ್ಪು ಸದೆ ಅರೆಯೋ ಹಲ್ಲು ಇದು. ಆದ್ರೆ ದನದ್ದಲ್ಲ, ಕುದುರೇದಲ್ಲ, ಹಂದೀದೂ ಅಲ್ಲ. ಹಲ್ಲು ಹಿಂಗಿದ್ರೆ ದವಡೆ ಹಿಂಗಿರ್ಬೇಕು. ದವಡೆ ಹಿಂಗಿದ್ರೆ ಕಾಲೂ ಅದಕ್ಕೆ ತಕ್ಕಂಗಿರ್ಬೇಕು. ಕಾಲಲ್ಲಿ ಮೂರು ಬೆರಳು."

"ಕಾಲು ನೋಡಿದೀರಾ ಸ್ವಾಮಿ?"

"ಇಲ್ಲ."

"ನೋಡ್ದೇನೇ ಹೇಳ್ತಿದೀರಾ? ನಮ್ಮ ಹೆಂಡದಂಗಡಿಯೋನೂ ಹಿಂಗೇನೇ, ಕುಡೀದೇನೇ ಹೆಂಡ ಚೆನ್ನಾಗಿದೆ ಅಂತಾನೆ."

ಪಂಡಿತ ನಕ್ಕ. "ನೀನು ಕಂಬಕ್ಕೆ ಹಾರೆಯಿಂದ ಒಂದು ಏಟು ಹಾಕಿ, ಒಳಗೆ ಟೊಳ್ಳೋ ಗಟ್ಟಿಯೋ ಹೇಳ್ತೀಯಂತೆ. ಒಳಗೆ ಹೋಗಿ ನೋಡ್ಬಂದಿದೀಯಾ? ನಂದೂ ಅದೇ ಕಸುಬು. ನಿನ್ನಂಥ ಕಿವಿ ಇರೋನಿಗೆ ಇದು ಬೇಗ ಬರುತ್ತೆ."

ಬದುಕಿನಲ್ಲಿ ಯಾರೂ ನಿಕೇಸನಿಗೆ ಅಂಥ ಮಾತು ಹೇಳಿರಲಿಲ್ಲ. ಓದು ಬಾರದವನು ಆತ. ಅಂದಿನಿಂದ ಪಂಡಿತ ಬಂದಾಗಲೆಲ್ಲ ಪಕ್ಕದಲ್ಲಿ ಕುಳಿತು ಮೂಳೆ ಓದುವುದನ್ನು ಕಲಿತ. ಕೀಲು ಸವೆದದ್ದು ಕಂಡರೆ ನಡೆ ಗೊತ್ತಾಗುತ್ತದೆ, ಹಲ್ಲು ಕಂಡರೆ ಊಟ ಗೊತ್ತಾಗುತ್ತದೆ. ಒಂದು ಚೂರು ಕೈಗೆ ಬಂದರೆ ಉಳಿದದ್ದೆಲ್ಲ ತಾನೇ ಹಿಂದೆ ಬರುತ್ತದೆ ಎನ್ನುತ್ತಿದ್ದ ಪಂಡಿತ.

ಒಂದು ದಿನ ನಿಕೇಸ್ ಕೇಳಿದ: "ಇದು ಯಾವ ದೇಶದ ಪ್ರಾಣಿ ಸ್ವಾಮಿ?"

"ಯಾವ ದೇಶದಲ್ಲೂ ಇಲ್ಲ."

"ಅಂದ್ರೆ?"

"ಮುಗಿದು ಹೋಗಿದೆ. ಇದರ ಕುಲದಲ್ಲಿ ಒಂದೂ ಉಳಿದಿಲ್ಲ."

"ಎಲ್ಲೋ ದೂರದ ಕಾಡಲ್ಲಿ ಇರ್ಬಹುದಲ್ವಾ? ನೀವು ಎಲ್ಲಾ ಕಾಡು ನೋಡಿಲ್ಲವಲ್ಲ."

"ಇಷ್ಟು ದೊಡ್ಡ ಪ್ರಾಣಿ ಎಷ್ಟು ದಿನ ಅಂತ ಬಚ್ಚಿಟ್ಕೊಂಡಿರುತ್ತೆ? ಇದೊಂದೇ ಅಲ್ಲ ನಿಕೇಸ್. ಇಂಥವು ಬೇಕಾದಷ್ಟಿವೆ. ನೆಲ ಒಂದು ಸಲ ಅಲ್ಲ, ಎಷ್ಟೋ ಸಲ ಮಗುಚಿ ಬಿದ್ದಂಗಿದೆ. ಆ ಪ್ರಾಣಿಗಳಿಗೆ ಅವತ್ತು ಬೆಳಿಗ್ಗೆ ಏನೂ ಗೊತ್ತಿರ್ಲಿಲ್ಲ, ಮೇಯ್ತಾ ಇದ್ವು, ಅಷ್ಟೆ."

ಈ ಮಾತು ನಿಕೇಸನನ್ನು ಬಿಡಲಿಲ್ಲ. ದೇವರೆಂದರೆ ಅವನ ಲೆಕ್ಕದಲ್ಲಿ ತನ್ನಂಥವನೇ ಒಬ್ಬ ದೊಡ್ಡ ಕಾವಲುಗಾರ. ದಿನಾ ಬೆಳಿಗ್ಗೆ ಲೋಕದ ಕಂಬಗಳನ್ನೆಲ್ಲ ನೋಡಿಕೊಂಡು ಬಂದು 'ಸಾಕ್ಷಿ ನಿಂತಿದೆ' ಎನ್ನುವವನು. ಅವನೇ ಒಂದು ಕುಲವನ್ನು ಪೂರ್ತಿ ಕೈಬಿಟ್ಟನೆಂದರೆ ಮನುಷ್ಯರ ಗತಿಯೇನು? ಆಗ ಅವನ ತಲೆಗೆ ಒಂದು ಯೋಚನೆ ಹೊಕ್ಕಿತು. ಕಾಲು ಸಿಕ್ಕಿ, ಅದರಲ್ಲಿ ಎರಡೇ ಬೆರಳಿದ್ದರೆ? ಆಗ ಅದು ಎಂಥದೋ ಒಂದು ಹಳೆಯ ಹಂದಿ, ಪಂಡಿತ ಹೇಳಿದ್ದು ಬರೀ ಬೊಗಳೆ, ಲೋಕ ಭದ್ರ. ಎರಡು ಬೆರಳು ಕಂಡರೆ ತನಗೆ ನೆಮ್ಮದಿ ಎಂದುಕೊಂಡ.

ಕಾಲು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ತಲೆ ಸಿಕ್ಕ ಜಾಗದಲ್ಲಿ ಬೆನ್ನೆಲುಬಿನ ಸಾಲು ಏಳನೆಯ ಕಂಬದೊಳಗೆ ನೆಟ್ಟಗೆ ಹೋಗಿತ್ತು. ಪಂಡಿತನೂ ಅದನ್ನು ನೋಡಿದ್ದ. "ಕಂಬದಲ್ಲಿದ್ರೆ ಬಿಟ್ಬಿಡು," ಎಂದಿದ್ದ. "ಇಷ್ಟು ಕಾಲ ಕಾದಿದೆ, ಇನ್ನೂ ಕಾಯಲಿ. ಸತ್ತ ಪ್ರಾಣಿಗೋಸ್ಕರ ಬದುಕಿರೋರ ಛಾವಣಿಗೆ ಕೈ ಹಾಕ್ಬಾರ್ದು."

ನಿಕೇಸನ ಅಳಿಯ ಬ್ಲೇಸ್ ಆ ಕಂಬದ ಪಕ್ಕದಲ್ಲೇ ಪಿಕಾಸಿ ಕೆಲಸ ಮಾಡುತ್ತಿದ್ದ. ಮಗಳು ಪೆರೆತಳನ್ನು ಮದುವೆಯಾಗಿ ಎರಡು ವರ್ಷ. ಬಾಯಿ ತುಂಬ ಹಾಸ್ಯ.

"ಏನ್ ಮಾವ, ಯಾವಾಗ್ಲೂ ಈ ಕಂಬಾನೇ ತಬ್ಕೊಂಡಿರ್ತೀಯ? ಅತ್ತೆಗೆ ಹೇಳ್ಲಾ?"

"ಬಾಯ್ಮುಚ್ಕೊಂಡು ಕಲ್ಲು ಹೊಡಿಯೋ."

"ತಲೆ ಪಂಡಿತನ ಹತ್ರ, ಕಾಲು ಕಂಬದಲ್ಲಿ. ನಮ್ಮ ಗುಡ್ಡದ ಗುಣಾನೇ ಅದು ಬಿಡು. ಸಂತ ದೆನಿ ಇಲ್ಲಿ ತಲೆ ಕಡಿಸ್ಕೊಂಡು, ಅದನ್ನ ಕೈಲಿ ಹಿಡ್ಕೊಂಡು ನಡ್ಕೊಂಡ್ ಹೋದ್ನಂತೆ. ನಿನ್ನ ಹಂದಿಗೆ ಅಷ್ಟು ಪುಣ್ಯ ಇರ್ಲಿಲ್ಲ."

ಮಧ್ಯಾಹ್ನ ಎಲ್ಲರೂ ಸೂಪು ಕುಡಿಯಲು ಮೇಲೆ ಹೋದಾಗ ನಿಕೇಸ್ ಒಳಗೇ ಉಳಿಯತೊಡಗಿದ. ಕಂಬದ ಹಿಂಭಾಗದಲ್ಲಿ, ಯಾರೂ ದೀಪ ಹಿಡಿಯದ ಕಡೆ, ಸಣ್ಣ ಉಳಿಯಿಂದ ಕೊರೆಯುತ್ತ ಹೋದ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಅವನಿಗೆ ಭಯವಿರಲಿಲ್ಲವೆಂದಲ್ಲ. ಆದರೆ ಭಯಕ್ಕೆ ಅವನ ಹತ್ತಿರ ಉತ್ತರವಿತ್ತು. ಕೊರೆದಷ್ಟನ್ನೂ ಹಿಂದೆಯೇ ಗಾರೆಯಿಂದ ತುಂಬುತ್ತಿದ್ದ. ಗಾರೆ ಎಂದರೇನು? ಇದೇ ಕಲ್ಲು. ಸುಟ್ಟರೆ ಪುಡಿ, ನೀರು ಕುಡಿಸಿದರೆ ಮತ್ತೆ ಕಲ್ಲು. ಹುಟ್ಟಿದಾಗಿನಿಂದ ಅವನು ಕಂಡದ್ದು ಅದನ್ನೇ. ಕಂಬದಿಂದ ತೆಗೆದದ್ದನ್ನು ಕಂಬಕ್ಕೇ ಕೊಟ್ಟೆ, ಕಂಬ ಪೂರ್ತಿಯಾಗಿದೆ ಎಂದು ನಂಬಿದ. ಬೇರೆ ಊರಿನ ಕಲ್ಲುಕುಟಿಗ ಹೀಗೆ ನಂಬುತ್ತಿರಲಿಲ್ಲ. ನಮ್ಮವರಿಗೆ ಮಾತ್ರ ಬರುವ ಮರುಳು ಇದು. ಲೋಕ ಹುಟ್ಟಿದಂದಿನಿಂದ ಗುಡ್ಡದ ಭಾರ ಹೊತ್ತು ಗಟ್ಟಿಯಾದ ಕಲ್ಲಿಗೂ ನಿನ್ನೆ ಕಲಸಿದ ಗಾರೆಗೂ ಬಣ್ಣ ಒಂದೇ, ಬಲ ಒಂದಲ್ಲ. ಗಾರೆ ತೇವ ಹೀರಿದರೆ ಮೆತ್ತಗಾಗುತ್ತದೆಂದು ಮಳೆಗಾಲದಲ್ಲಿ ಗೋಡೆ ಮುಟ್ಟಿದ ಯಾವ ಹೆಂಗಸೂ ಹೇಳಿಯಾಳು.

ಒಂಬತ್ತನೆಯ ಮಧ್ಯಾಹ್ನ ಕಾಲು ಸಿಕ್ಕಿತು. ನಿಕೇಸ್ ದೀಪ ಹತ್ತಿರ ತಂದು, ಉಸಿರು ಬಿಗಿಹಿಡಿದು, ಬ್ರಷ್ಷಿನಿಂದ ಧೂಳು ತೆಗೆದ. ಒಂದು ಬೆರಳು. ಎರಡು. ಪಕ್ಕದಲ್ಲಿ, ಕಲ್ಲಿಗೆ ಮುಖ ಮಾಡಿ, ಮೂರನೆಯದು. ಅವನು ಮತ್ತೆ ಮೊದಲಿನಿಂದ ಎಣಿಸಿದ, ಮೂರೇ. ಮೇಲಿನಿಂದ ಜನ ನಗುತ್ತ ಇಳಿದು ಬರುವ ಸದ್ದು ಕೇಳಿದಾಗಲೇ ಎದ್ದು ಗಾರೆ ಕಲಸಿದ್ದು.

ಆ ಭಾನುವಾರ ನಿಕೇಸ್ ಕಾಲಿನ ಮೂಳೆಯನ್ನು ಚೀಲದಲ್ಲಿ ಹಾಕಿಕೊಂಡು ನದಿ ದಾಟಿ ಮೂಳೆಮನೆಗೆ ಹೋದ. ಪಂಡಿತ ಸಂತೋಷದಿಂದ ಹುಚ್ಚನಂತಾದ. "ಎಲ್ಲಿ ಸಿಕ್ತು?" ಎಂದು ಕೇಳಿದ.

"ಉದುರಿದ ಕಲ್ಲಿನ ರಾಶೀಲಿ," ಎಂದ ನಿಕೇಸ್.

ಪಂಡಿತ ಅಲ್ಲೇ ಕಾಗದ ಹಾಸಿಕೊಂಡು ಇಡೀ ಪ್ರಾಣಿಯನ್ನು ಬರೆದ. ಗಿಡ್ಡ ಕುತ್ತಿಗೆ, ಮುಂದಕ್ಕೆ ಜೋತ ಮೂಗು, ಮೂರು ಬೆರಳಿನ ಕಾಲು. ಕೊನೆಗೆ ಕಣ್ಣು ಇಟ್ಟ.

"ಕಣ್ಣು ಯಾಕ್ ಬರೆದ್ರಿ? ಕಣ್ಣು ಸಿಕ್ಕಿಲ್ಲವಲ್ಲ."

"ಕಣ್ಣಿನ ಗುಳಿ ಇದೆಯಲ್ಲ. ಅಂದ್ಮೇಲೆ ಕಣ್ಣು ಇದ್ದೇ ಇತ್ತು."

ಆ ಕಣ್ಣು ತನ್ನನ್ನೇ ನೋಡುತ್ತಿದೆ ಎನಿಸಿತು ನಿಕೇಸನಿಗೆ. ಹಿಂದಿರುಗುವಾಗ ಸೇತುವೆಯ ಮೇಲೆ ನಿಂತು ಪೇಟೆಯನ್ನು ನೋಡಿದ. ಅಷ್ಟೂ ಮನೆ, ಅಷ್ಟೂ ಹೊಗೆ, ಮೀನು ಮಾರುವ ಹೆಂಗಸರ ಕೂಗು, ಎಲ್ಲ ಯಾವುದರ ಮೇಲೆ ನಿಂತಿದೆ ಎಂದು ಯೋಚಿಸುತ್ತ ಗುಡ್ಡದ ದಾರಿ ಹಿಡಿದ.

ಆ ಫೆಬ್ರವರಿಯ ಕೊನೆಯಲ್ಲಿ ಶುರುವಾದ ಮಳೆ ನಿಲ್ಲಲೇ ಇಲ್ಲ. ಗಣಿಯ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇಲಿಗಳು ಒಂದೊಂದಾಗಿ ಹೊರಗೆ ಹೋದವು. ಕತ್ತೆಗಳು ಏಳನೆಯ ಕಂಬದ ಬಳಿ ಬಂದರೆ ಕಿವಿ ಹಿಂದಕ್ಕೆ ಮಾಡಿ ನಿಲ್ಲುತ್ತಿದ್ದವು. ಮಾರ್ಚ್ ಹನ್ನೊಂದರ ಬೆಳಿಗ್ಗೆ ನಿಕೇಸ್ ದೀಪ ಎತ್ತಿ ನೋಡಿದಾಗ ಏಳನೆಯ ಕಂಬದ ಸಾಕ್ಷಿ ಸೀಳಿತ್ತು. ನಾಲ್ಕು ವರ್ಷ ಹಳೆಯ ಬಿಲ್ಲೆ, ಅವನದೇ ಹೆಬ್ಬೆರಳು, ಗೋಧಿಕಾಳಿನ ಗುರುತಿನ ನಡುವೆಯೇ ಬಿರುಕು ಹಾದುಹೋಗಿತ್ತು.

ಹೊರಗೆ ನಲವತ್ತು ಜನ ಟೋಪಿ ಹಿಡಿದು ನಿಂತಿದ್ದಾರೆ. 'ಒಡೆದಿದೆ' ಎಂದರೆ ಹಿರಿಯರು ಒಳಬರುತ್ತಾರೆ, ಕಂಬದ ಸುತ್ತ ಹಾರೆಯಿಂದ ತಟ್ಟುತ್ತಾರೆ, ಹಿಂಭಾಗದಲ್ಲಿ ತುಂಬಿದ ಗಾರೆ ಬಯಲಾಗುತ್ತದೆ. ಹದಿನೆಂಟು ವರ್ಷದ ಮಾನ ಒಂದೇ ಏಟಿಗೆ ಹೋಗುತ್ತದೆ. ತೇವಕ್ಕೆ ಸೀಳಿರಬಹುದು ಎಂದುಕೊಂಡ. ಮಧ್ಯಾಹ್ನ ಎಲ್ಲರೂ ಮೇಲೆ ಹೋದಾಗ ತಾನೇ ಎರಡು ಮರದ ಊರೆ ಕೊಟ್ಟರಾಯಿತು, ಐದು ತಾಸಿನ ಮಾತು. ಅವನ ಕೈ ಅವನಿಗಿಂತ ಮೊದಲೇ ತೀರ್ಮಾನ ಮಾಡಿತ್ತು. ಹಳೆಯ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿದ, ಹೊಸ ಗಾರೆ ಮೆತ್ತಿದ, ಹೆಬ್ಬೆರಳು ಒತ್ತಿದ. ಕೈ ರೂಢಿಯಂತೆ ತಾರೀಖನ್ನೂ ಗೀರಿತು. ಹೊಸ ಸಾಕ್ಷಿ ಏನನ್ನೂ ನೋಡಿರುವುದಿಲ್ಲ. ನಿಕೇಸ್ ಹೊರಗೆ ಬಂದು, ಮೀಸೆ ಒರೆಸಿಕೊಂಡು, "ಸಾಕ್ಷಿ ನಿಂತಿದೆ" ಎಂದ.

"ಏನ್ ಮಾವ, ಮುಖ ಗಾರೆ ಬಳಿದಂಗಿದೆ?" ಎಂದ ಬ್ಲೇಸ್ ಟೋಪಿ ಹಾಕಿಕೊಳ್ಳುತ್ತ. "ಪೆರೆತ್ ಇವತ್ತು ಈರುಳ್ಳಿ ಸೂಪು ಮಾಡ್ತಾಳಂತೆ. ಸಾಯಂಕಾಲ ಬಾ, ಬಣ್ಣ ಬರುತ್ತೆ."

ಹತ್ತು ಗಂಟೆಗೆ ಗುಡ್ಡ ಒಮ್ಮೆ ಉಸಿರು ಬಿಟ್ಟಿತು. ಗಣಿಯ ಬಾಯಿಂದ ಬಿಳಿ ಧೂಳು ನುಗ್ಗಿ ಬಂದು ಎಲ್ಲ ದೀಪಗಳನ್ನೂ ಆರಿಸಿತು. ಮೇಲೆ ಇಪ್ಪತ್ತು ಸಾಲು ದ್ರಾಕ್ಷಿ ಗುಂಡಿಗಿಳಿಯಿತು. ಬೇರೆ ಕಡೆ ಇದ್ದವರು ಕೆಮ್ಮುತ್ತ, ತೆವಳುತ್ತ ಹೊರಬಂದರು. ಏಳನೆಯ ಕಂಬದ ಬಳಿ ಇದ್ದ ನಾಲ್ವರು ಬರಲಿಲ್ಲ. ಕಲ್ಲು ಸುಡುವ ಗಾರೆಗೂಡಿನಲ್ಲಿ ಕೆಲಸ ಮಾಡುತ್ತಿದ್ದ ಪೆರೆತ್ ಜರಡಿ ಹಿಡಿದುಕೊಂಡೇ ಓಡಿ ಬಂದಳು. ಮೂರು ದಿನ ಅಗೆದರು. ನಾಲ್ಕನೆಯ ದಿನ ಛಾವಣಿ ಮತ್ತೆ ಗೊಣಗಿತು. ಪಾದ್ರಿ ಗಣಿಬಾಯಲ್ಲೇ ಪ್ರಾರ್ಥನೆ ಹೇಳಿದ, ಒಡೆಯ ಗಣಿಯೊಳಗಿನ ಆ ಓಣಿಗೆ ಗೋಡೆ ಕಟ್ಟಿಸಿದ.

ನಿಕೇಸನನ್ನು ಯಾರೂ ಬೈಯಲಿಲ್ಲ, ಅದೇ ದೊಡ್ಡ ಶಿಕ್ಷೆ. "ಸಾಕ್ಷಿ ನಿಂತೇ ಇತ್ತು, ಗುಡ್ಡಾನೇ ಮೋಸ ಮಾಡ್ತು, ಪಾಪ, ಅಳಿಯನ್ನೇ ಕಳ್ಕೊಂಡ" ಎಂದು ಜನ ಅವನಿಗೆ ಹೆಂಡ ಕೊಡಿಸಿದರು. ಅವನು ಕುಡಿದ. ಮತ್ತೆ ನಾಲ್ಕು ವರ್ಷ ದಿನಾ ಬೆಳಿಗ್ಗೆ ಅದೇ ಎರಡು ಮಾತು ಹೇಳಿದ. ಪಂಡಿತ ಎರಡು ಸಲ ಹೇಳಿ ಕಳಿಸಿದರೂ ನದಿಯಾಚೆಗೆ ಹೋಗಲಿಲ್ಲ.

ನಾಲ್ಕು ವರ್ಷದ ಮೇಲೆ ಗಣಿ ಹೊಸ ಒಡೆಯನ ಕೈಗೆ ಬಂತು. ಅವನು ಗೋಡೆ ಒಡೆಸಿ, ಮರದ ಊರೆ ಕೊಡಿಸಿ, ಬಿದ್ದ ಕಲ್ಲನ್ನು ತೆಗೆಸಿದ. ಮೂಳೆಗಳು ಹೊರಬಂದವು, ನಾಲ್ವರದೂ ಒಂದರೊಳಗೊಂದು ಬೆರೆತು. ಪಾದ್ರಿ ಒಂದೇ ಗುಂಡಿ ತೋಡಿಸೋಣ ಎಂದ. ಹೆಂಗಸರು ಒಪ್ಪಲಿಲ್ಲ. ಯಾರ ಗಂಡ ಯಾರ ಪಕ್ಕದಲ್ಲಿ ಮಲಗಿದ್ದಾನೆಂದು ತಿಳಿಯದೆ ಹೂವು ಇಡುವುದು ಹೇಗೆ ಎಂದು ಜಗಳವಾಡಿದರು. ಆಗ ಯಾರೋ ಹೇಳಿದರು: "ನಿಕೇಸ್ ಇದಾನಲ್ಲ. ಪಂಡಿತನ ಹತ್ರ ಮೂಳೆ ಓದೋದು ಕಲ್ತಿದಾನೆ."

ನಿಕೇಸ್ ಎರಡು ದಿನ ಗಾರೆಗೂಡಿನ ಚಪ್ಪರದಡಿ ಕುಳಿತು ವಿಂಗಡಿಸಿದ. ನಾಲ್ಕು ಬುಟ್ಟಿ. ಹಲ್ಲಿನ ನಡುವೆ ಮಣ್ಣಿನ ಚಿಲುಮೆ ಸವೆಸಿದ ತೂತಿದ್ದವನು ಮುದುಕ ಗ್ರೆಗ್ವಾರ್. ಮೊಣಕಾಲು ಸವೆದವನು ಗಾಡಿ ತಳ್ಳುತ್ತಿದ್ದವನು. ಒಂದು ತೋಳು ಇನ್ನೊಂದಕ್ಕಿಂತ ದಪ್ಪವಿದ್ದವನು ಸುತ್ತಿಗೆಯವನು. ವಿಧವೆಯರು ಒಬ್ಬೊಬ್ಬರಾಗಿ ಬುಟ್ಟಿ ತೆಗೆದುಕೊಂಡು, ಅವನ ಧೂಳು ಕೈಗೆ ಮುತ್ತಿಟ್ಟು ಹೋದರು. ಪ್ರತಿ ಮುತ್ತಿಗೂ ಅವನು ಬೆಂಕಿ ತಗುಲಿದಂತೆ ಕೈ ಎಳೆದುಕೊಳ್ಳುತ್ತಿದ್ದ.

ಕೊನೆಯ ಬುಟ್ಟಿ ಬ್ಲೇಸನದು. ಎಡಗೈ ಕಿರುಬೆರಳು ಸೊಟ್ಟಗೆ ಕೂಡಿತ್ತು, ಮದುವೆಯ ಕುಣಿತದಲ್ಲಿ ಬಿದ್ದು ಮುರಿದುಕೊಂಡದ್ದು. ಪೆರೆತ್ ಬುಟ್ಟಿ ಹಿಡಿದು ಕುಳಿತಿದ್ದಳು.

"ಇವ್ನೇ ಅಲ್ವಾ ಅಪ್ಪ?"

"ಇವ್ನೇ ಮಗಳೇ."

ಅಗೆದವರು ಬ್ಲೇಸನ ಪಕ್ಕೆಲುಬಿನ ಜೊತೆ ಸಿಕ್ಕಿದ್ದೆಂದು ಧೂಳು ಮೆತ್ತಿದ ಅಂಗೈಯಗಲದ ಗಟ್ಟಿಯೊಂದನ್ನೂ ತಂದಿಟ್ಟಿದ್ದರು. ಚಿಂದಿಯಾದ ಅಂಗಿಯ ಒಳಗಿತ್ತಂತೆ. ನಿಕೇಸ್ ಅದನ್ನು ಕಲ್ಲೆಂದುಕೊಂಡು ಪಕ್ಕಕ್ಕೆ ಸರಿಸಿದ. ಪೆರೆತ್ ಎತ್ತಿಕೊಂಡಳು. ಹದಿನೈದು ವರ್ಷ ಗಾರೆ ಜರಡಿ ಹಿಡಿದವಳು. ಉಗುರಿನಿಂದ ಗೀರಿದಳು, ಕಿವಿಯ ಹತ್ತಿರ ಹಿಡಿದು ತಟ್ಟಿದಳು.

"ಇದು ಕಲ್ಲಲ್ಲ. ಗಾರೆ."

ಸೆರಗಿನಂತೆ ಕಟ್ಟಿದ್ದ ಬಟ್ಟೆಯ ತುದಿಯಿಂದ ಧೂಳು ಒರೆಸಿದಳು. ಗೋಧಿಕಾಳು ಕಂಡಿತು. ಅದರ ಕೆಳಗೆ ಗೀರಿದ ಅಂಕಿ. ಓದು ಬಾರದಿದ್ದರೂ ಆ ತಾರೀಖಿನ ಅಂಕಿ ಅವಳಿಗೆ ಗೊತ್ತಿತ್ತು, ಗಂಡನ ಹೆಸರಿನಲ್ಲಿ ಗಣಿಬಾಯಲ್ಲಿ ನೆಟ್ಟ ಶಿಲುಬೆಯ ಮೇಲೆ ಅದನ್ನೇ ಕೆತ್ತಿಸಿದ್ದಳು. ಅವಳು ಬಿಲ್ಲೆಯನ್ನು ತಿರುಗಿಸಿದಳು. ಹಿಂಬದಿ ನುಣ್ಣಗಿತ್ತು, ಎಲ್ಲೂ ಮುರಿದ ಗುರುತಿಲ್ಲ.

ಹೆಬ್ಬೆರಳಿನ ಗುರುತನ್ನು ಅವಳು ಮತ್ತೆ ಮತ್ತೆ ಸವರಿದಳು. ಗೂಡಿನಲ್ಲಿ ಕಟ್ಟಿಗೆ ಸಿಡಿಯುತ್ತಿತ್ತು. ಮಗಳು ಒಂದು ಚೂರಿನಿಂದ ಇಡೀ ಪ್ರಾಣಿಯನ್ನು ಕಟ್ಟುತ್ತಿದ್ದಾಳೆಂದು ನಿಕೇಸನಿಗೆ ತಿಳಿಯಿತು. ತಡೆಯುವ ಶಕ್ತಿ ಅವನಿಗಿರಲಿಲ್ಲ.

"ಇದನ್ನ ಮೆತ್ತಿದ್ದು ಅವತ್ತೇ. ಬ್ಲೇಸ್ ಹಸಿ ಇದ್ದಾಗ್ಲೇ ಕಂಬದಿಂದ ಬಿಡಿಸಿದಾನೆ," ಎಂದಳು ಪೆರೆತ್. "ಹೊಸದು ಅಂತ ಅವನಿಗೆ ಗೊತ್ತಾಗಿದೆ. ಯಾರಿಗಾದ್ರೂ ತೋರ್ಸೋದಾಗಿದ್ರೆ ಕೈಲಿ ಹಿಡ್ಕೊಂಡು ಓಡ್ಬರ್ತಿದ್ದ. ಅಂಗಿ ಒಳಗೆ ಬಚ್ಚಿಟ್ಕೊಂಡಿದಾನೆ. ಬೇರೆಯೋರ ಕಣ್ಣಿಗೆ ನಿನ್ನ ಬೆರಳು ಬೀಳ್ದೇ ಇರ್ಲಿ ಅಂತ." ಬಿಲ್ಲೆಯನ್ನು ಅವನ ಮುಂದೆ ಹಿಡಿದಳು. "ಹಳೇದು ಒಡೆದಿತ್ತಾ ಅಪ್ಪ?"

"ಒಡೆದಿತ್ತು."

"ಯಾಕ್ ಒಡೀತು?"

ನಿಕೇಸ್ ಹೇಳಿದ. ತಲೆ, ಕಾಲು, ಒಂಬತ್ತು ಮಧ್ಯಾಹ್ನ, ತುಂಬಿದ ಗಾರೆ, ಎಲ್ಲವನ್ನೂ ಹೇಳಿದ. ಅವಳು ತಲೆ ತಗ್ಗಿಸಿ ಕೇಳಿದಳು.

"ಎಷ್ಟು ಬೆರಳಿತ್ತು?"

"ಮೂರು."

ಪೆರೆತ್ ಬಿಲ್ಲೆಯನ್ನು ಬುಟ್ಟಿಯೊಳಗೆ ಬ್ಲೇಸನ ಸೊಟ್ಟ ಬೆರಳಿನ ಪಕ್ಕ ಇಟ್ಟು ಬಟ್ಟೆ ಮುಚ್ಚಿದಳು. "ಅವ್ನು ನಿನ್ನ ಮಾನ ಕಾಪಾಡ್ದ. ನನ್ ಕೈಲಿ ಆಗಲ್ಲ. ಒಳಗಿಳಿಯೋರು ಇನ್ನೂ ನಲವತ್ತು ಜನ ಇದಾರೆ. ನಾಳೆ ಬೆಳಿಗ್ಗೆ ನೀನೇ ಹೇಳು. ಎಲ್ಲಿ ಹೇಳ್ಬೇಕೋ ಅಲ್ಲೇ ನಿಂತು ಹೇಳು."

ಮರುದಿನ ಬೆಳಿಗ್ಗೆ ಗಣಿಯ ಬಾಯಲ್ಲಿ ನಲವತ್ತು ಜನ ಟೋಪಿ ತೆಗೆದು ನಿಂತಿದ್ದರು. ಹಿಂದೆ ಪೆರೆತ್ ಬುಟ್ಟಿ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ದೀಪ ಅಲ್ಲಾಡುತ್ತ ಬಂತು. ನಿಕೇಸ್ ಮೀಸೆ ಒರೆಸಿಕೊಳ್ಳಲಿಲ್ಲ. ಅವನು ಬಾಯಿ ತೆರೆದಾಗ ಕೆಲವರ ಟೋಪಿ ರೂಢಿಯಂತೆ ಅರ್ಧಕ್ಕೆ ಏರಿತ್ತು.

"ಏಳನೇ ಕಂಬ," ಎಂದ ನಿಕೇಸ್. "ಅವತ್ತು ಸಾಕ್ಷಿ ನಿಂತಿರ್ಲಿಲ್ಲ."

ಏರಿದ ಟೋಪಿಗಳು ಕೆಳಗಿಳಿದವು. ಅವತ್ತು ಯಾರೂ ಒಳಗೆ ಹೋಗಲಿಲ್ಲ.